ಸ್ಕ್ರೈಬಸ್ (ಪುಟ ಕಟ್ಟೋ ಸಾಫ್ಟ್‌ವೇರ್) ಸೋರ್ಸಿಂದ ಬಿಲ್ಡ್ ಮಾಡಿದೋರು ಯಾರಾದ್ರೂ ಇದೀರಾ? ಅನುಭವ ಹೇಳಿ

ತೆಂಗಿನಸೀಮೆ_ಮೇಷ್ಟ್ರು
ನಮ್ಮ ಶಾಲೆ ಸ್ಮರಣ ಸಂಚಿಕೆ ಪುಟ ಕಟ್ಟೋ ಕೆಲಸ ನನ್ನ ತಲೆಗೆ ಬಿದ್ದಿದೆ. 64 ಪುಟ, ಪೂರ್ತಿ ಯೂನಿಕೋಡ್. ಲ್ಯಾಪ್‌ಟಾಪಲ್ಲಿ ಹಳೇ ಉಬುಂಟು, 4 ಜಿಬಿ ರ‍್ಯಾಮ್, ಅದ್ರ ಜೊತೆ ಬಂದಿರೋ ಸ್ಕ್ರೈಬಸ್ 1.4. ಇದ್ರಲ್ಲಿ ‘ವಾರ್ಷಿಕೋತ್ಸವ’ ಅಂತ ಹೊಡೆದ್ರೆ ‘ವಾರ್‌ಷಿಕೋತ್‌ಸವ’ ಬರ್ತಿದೆ, ಒಂದು ಒತ್ತೂ ಕೆಳಗಿಳಿಯಲ್ಲ. 1.5.3ರಿಂದ ಇದು ಸರಿ ಹೋಗಿದೆ ಅಂತ ಓದಿದೆ. ಸೋರ್ಸಿಂದ, ಅಂದ್ರೆ ಮೂಲ ಕೋಡಿಂದ, ನಾನೇ ಬಿಲ್ಡ್ ಮಾಡ್ಲಾ, ರೆಡಿ ಇರೋ ಒಂದೇ ಫೈಲಿನ ಆಪ್‌ಇಮೇಜ್ ಸಾಕಾ? ಪ್ರೆಸ್‌ಗೆ ಕೊಡೋಕೆ ಹತ್ತೇ ದಿನ ಇರೋದು. ಮಾಡಿದೋರು ಹೇಳಿ.

ಹುಬ್ಬಳ್ಳಿ_ಮಿರ್ಚಿ
ಮಾಸ್ತರ, ನಾ ಮಾಡೀನ್ರಿ, 2018ರಾಗ. ನಮ್ಮೂರ ಮಠದ್ದೊಂದು ಪುಸ್ತಕ ಹಾಕೂದಿತ್ತು. ಅವರ ಕೋಡ್ ಇಡೂ ಎಸ್‌ವಿಎನ್‌ನಿಂದ ಕೋಡ್ ತಗೊಂಡೆ, ಬಿಲ್ಡಿಗೆ ತಯಾರಿ ಮಾಡೂ ಸಿಮೇಕ್ ಹೊಡದೆ, ಅದು ಇಲ್ಲ ಇದು ಇಲ್ಲ ಅಂತ ಒಂದೊಂದ ಕೇಳ್ತು, ಡೆವ್ ಪ್ಯಾಕೇಜ್ ಹಾಕ್ಕೋತ ಹೋದೆ, ಅಷ್ಟರಾಗ ಒಂದಿನ ಮುಗೀತು. ಆಮ್ಯಾಲೆ ಮೇಕ್ -ಜೆ4, ಅಂದ್ರ ಒಮ್ಮೆಗೆ ನಾಕು ಫೈಲ್ ಕಂಪೈಲ್. 71%ಕ್ಕ ಬಂದು ‘ಇಂಟರ್ನಲ್ ಕಂಪೈಲರ್ ಎರರ್, ಕಿಲ್ಡ್’. ನಾ ಕಂಪೈಲರ್ರ ಕೆಟ್ಟೈತಿ ಅಂದ್ಕೊಂಡು ಜಿಸಿಸಿ ತಗದು ಮತ್ತ ಹಾಕಿದೆ, ಮತ್ತ 71%. ಮೂರನೇ ದಿನ ಡಿ-ಮೆಸೇಜ್, ಅಂದ್ರ ಕರ್ನಲ್ಲಿನ ಲಾಗ್, ತಗದು ನೋಡಿದ್ರ ಔಟ್ ಆಫ್ ಮೆಮರಿ, ಕರ್ನಲ್ಲ ಸಿಸಿ1ಪ್ಲಸ್ ಅನ್ನೂ ಕಂಪೈಲರಿನ ಕುತ್ತಿಗಿ ಹಿಚುಕಿತ್ತು! ಸೆಕೆಂಡ್ ಹ್ಯಾಂಡ್ 4 ಜಿಬಿ ಕಡ್ಡಿ ₹1,150 ಕೊಟ್ಟು ತಂದೆ, ಅದು ಬ್ಯಾರೆ ವೋಲ್ಟೇಜಿಂದು, ಕೂಡ್ಲಿಲ್ಲ, ಅಂಗಡಿಯಾಂವ ವಾಪಸ್ ತಗೋಳಲಿಲ್ಲ, ಇನ್ನೂ ನನ್ನ ಡ್ರಾದಾಗ ಐತಿ. ಕಡೀಕ ರ‍್ಯಾಮ್ ಬದಲಿಗೆ ಡಿಸ್ಕಿನಾಗ 4 ಜಿಬಿ ಸ್ವಾಪ್ ಫೈಲ್ ಮಾಡಿ -ಜೆ1 ಇಟ್ಟು ರಾತ್ರಿ 10ಕ್ಕ ಬಿಟ್ಟು ಮಲಕೊಂಡೆ. 2ಕ್ಕ ಕರೆಂಟ್ ಹೋತು, ಬ್ಯಾಟರಿ ಸತ್ತು ವರ್ಷ ಆಗಿತ್ತು. ಮುಂಜಾನೆ ಮೇಕ್ ಮತ್ತ ಹಚ್ಚಿದ್ರ ನಿಂತಲ್ಲಿಂದನ ಮುಂದ ಹೋತು, ಖುಷಿ ಆತು, ಲಿಂಕ್ ಮಾಡೂಮುಂದ ‘ಫೈಲ್ ಟ್ರಂಕೇಟೆಡ್’. ಕರೆಂಟ್ ಹೋಗೂ ಮುಂಚೆ ಬರದಿದ್ದ ಎರಡು .ಓ (ಕಂಪೈಲ್ ಆದ) ಫೈಲು ಸೊನ್ನೆ ಬೈಟ್ ಆಗಿ ಕುಂತಿದ್ವು. ಹುಡುಕಿ ಅಳಿಸಿದ ಮ್ಯಾಲೆ ಆತು. ಆದ್ರ ಒಂದ ಮಾತು, ಆ ಪುಸ್ತಕದಾಗ ಒಂದ ಒಂದು ಒತ್ತು ತಪ್ಪಿಲ್ಲ.

ಬಿಸಿಬಿಸಿ_ಬೈಟ್
ಆಪ್‌ಇಮೇಜ್ ಇಳಿಸಿ, ಎಕ್ಸಿಕ್ಯೂಟ್ ಪರ್ಮಿಷನ್ ಕೊಡಿ, ಡಬಲ್ ಕ್ಲಿಕ್. ಎರಡು ನಿಮಿಷ. ಅದಕ್ಕೆ ನಾಲ್ಕು ದಿನ ಯಾಕೆ ಗುರು?

ಹುಬ್ಬಳ್ಳಿ_ಮಿರ್ಚಿ
ಮಾಡಿದೋರು ಹೇಳ್ರಿ ಅಂತ ಬರದಾರ. ಡಬಲ್ ಕ್ಲಿಕ್ ಮಾಡಿದೋರು ಅಂತ ಬರದಿಲ್ಲ.

ಕುಡ್ಲದ_ಪೆಂಗ್ವಿನ್
ಸ್ಕ್ರೈಬಸ್ ನಾನು ಮುಟ್ಟಿದವನಲ್ಲ ಮಾರಾಯ್ರೆ, ಚಿತ್ರ ತಿದ್ದುವ ಜಿಂಪ್‌ನದ್ದು ಹೇಳ್ತೇನೆ. 3.0 ಬರುವ ಮೊದಲು 2.99 ಬೇಕೂಂತ ಹಠ ಹಿಡ್ದು ಕೂತೆ. ಮೊದಲು ಅದಕ್ಕೆ ಬೇಕಾದ ಲೈಬ್ರರಿ ಬಾಬ್ಲ್, ಮತ್ತೆ ಇನ್ನೊಂದು ಲೈಬ್ರರಿ ಜೆಗಲ್, ಕೊನೆಗೆ ಜಿಂಪ್. ಸುಡೋ (ಅಡ್ಮಿನ್ ಅಧಿಕಾರ) ಬೇಡಾಂತ ಎಲ್ಲ ಹೋಮ್ ಒಳಗೇ ಒಂದು ಫೋಲ್ಡರ್‌ಗೆ ಹಾಕಿದ್ದು. ಬಾಬ್ಲ್ ಆಯ್ತು. ಜೆಗಲ್ ಹೇಳ್ತದೆ ಬಾಬ್ಲ್ ಇಲ್ಲಾಂತ. ಕಣ್ಣೆದುರು ಉಂಟು, ಇಲ್ಲಾಂತ ಹೇಳ್ತದೆ! ನಾನು ಲೈಬ್ರರಿ ಎಲ್ಲಿ ಹುಡುಕಬೇಕೂಂತ ಹೇಳುವ ಪಿಕೆಜಿ ಕಾನ್ಫಿಗ್ ಪಾತ್‌ಗೆ ಬರೀ ಲಿಬ್ ಅಂತ ಕೊಟ್ಟದ್ದು, ಡೆಬಿಯನ್‌ನಲ್ಲಿ ಮೆಸನ್ (ಬಿಲ್ಡ್ ಟೂಲ್) ಹಾಕುವುದು ಲಿಬ್‌ನ ಒಳಗೆ ಇನ್ನೊಂದು ಎಕ್ಸ್86_64-ಲಿನಕ್ಸ್-ಗ್ನೂ ಅಂತ ಉಂಟಲ್ಲ, ಅದರೊಳಗೆ. ಇಷ್ಟಕ್ಕೆ ಎರಡು ಶನಿವಾರ ಹೋಯ್ತು, ಒಂದು ಮದುವೆ ಊಟ ತಪ್ಪಿತು. 2025ರ ಮಾರ್ಚಲ್ಲಿ 3.0 ಬಂತು, ಈಗ ಎಲ್ಲರ ಹತ್ರ ಉಂಟು, ನನ್ನನ್ನು ಕೇಳುವವರಿಲ್ಲ.

ರಾತ್ರಿಪಾಳಿ
ಸುಡೋ ಬೇಡ ಅಂದಿದ್ದಕ್ಕೆ ಪೆಂಗ್ವಿನ್ ಅಣ್ಣಂಗೆ ದೊಡ್ಡ ನಮಸ್ಕಾರ. ನಾನು ಮಾಡಿದ್ದು ಕೇಳಿ. ಅರ್ಕಾವತ್ತು ಸರಿ ಕೂರ್ತಿಲ್ಲ ಅಂತ ಅಕ್ಷರ ಜೋಡಿಸೋ ಲೈಬ್ರರಿ ಹಾರ್ಫ್‌ಬಝ್ ಹೊಸದು ತಂದು ಬಿಲ್ಡ್ ಮಾಡಿ ಸುಡೋ ಮೇಕ್ ಇನ್‌ಸ್ಟಾಲ್ ಹೊಡೆದೆ, ಹೋಗಿ ಯುಎಸ್‌ಆರ್ ಲೋಕಲ್ ಫೋಲ್ಡರಲ್ಲಿ ಕೂತ್ಕೊಂಡ್ತು. ಫಾಂಟ್ ಓದೋ ಫ್ರೀಟೈಪ್‌ದು ಡೆವ್ ಪ್ಯಾಕೇಜ್ ಹಾಕಿರ್ಲಿಲ್ಲ, ಅದಿಲ್ದೇನೇ ಬಿಲ್ಡ್ ಆಗಿದೆ, ನಾನು ನೋಡೇ ಇಲ್ಲ. ಸಿಸ್ಟಮ್ಮಿನ ಲೈಬ್ರರಿಗಿಂತ ಮೊದ್ಲು ಲೋಕಲ್‌ದನ್ನೇ ಹುಡುಕುತ್ತಲ್ಲ, ರೀಬೂಟ್ ಮಾಡಿದ್ರೆ ಲಾಗಿನ್ ಸ್ಕ್ರೀನೇ ಇಲ್ಲ, ಬರೀ ಕಪ್ಪು. ಪರದೆ ಮೇಲೆ ಅಕ್ಷರ ಕೂರಿಸೋ ಪ್ಯಾಂಗೋ ‘ಅನ್‌ಡಿಫೈನ್ಡ್ ಸಿಂಬಲ್’ ಅಂತ ಬಾಯಿ ಬಡ್ಕೊಂಡು ಸತ್ತಿತ್ತು. ಬೆಳಿಗ್ಗೆ 9ಕ್ಕೆ ಆಫೀಸಲ್ಲಿ ಡೆಮೋ. ಕಂಟ್ರೋಲ್ ಆಲ್ಟ್ ಎಫ್3 ಒತ್ತಿ ಕಪ್ಪು ಪರದೆಗೆ ಹೋಗಿ ಆ ಹಾರ್ಫ್‌ಬಝ್ ಫೈಲ್‌ಗಳನ್ನ ಒಂದೊಂದೇ ಅಳಿಸಿ ಲೈಬ್ರರಿ ಪಟ್ಟಿ ಹೊಸದು ಮಾಡೋ ಎಲ್‌ಡಿಕಾನ್ಫಿಗ್ ಹೊಡೆದಾಗ ಬೆಳಗಿನ ಜಾವ 4:20, ಕೆಳಗೆ ಹಾಲಿನವನು ಬೆಲ್ ಮಾಡ್ತಿದ್ದ. ಅರ್ಕಾವತ್ತು ಸರಿ ಇಲ್ದೇ ಇದ್ದಿದ್ದು ಫಾಂಟಿನ ತಪ್ಪು. ಗುಬ್ಬಿ ಫಾಂಟ್ ಹಾಕಿದ್ಮೇಲೆ ಸರಿ ಹೋಯ್ತು.

ಪೋರ್ಟ್ಸ್_ಪುಟ್ಟ
ಬೇಸ್ (ಮೂಲ ಸಿಸ್ಟಮ್) ಬೇರೆ, ಯುಎಸ್‌ಆರ್ ಲೋಕಲ್ ಬೇರೆ ಅಂತ ಮೊದಲಿಂದ್ಲೂ ಅಚ್ಚುಕಟ್ಟಾಗಿ ಇಟ್ಕೊಂಡಿರೋದು ಲಿನಕ್ಸ್ ಅಲ್ಲ, ಫ್ರೀಬಿಎಸ್‌ಡಿ ಅನ್ನೋ ಆಪರೇಟಿಂಗ್ ಸಿಸ್ಟಮ್. ನಾನು ಲಿಬ್ರೆಆಫೀಸನ್ನೇ ಪೋರ್ಟ್ಸಿಂದ, ಅಂದ್ರೆ ಅದರ ಸೋರ್ಸ್ ಬಿಲ್ಡ್ ವ್ಯವಸ್ಥೆಯಿಂದ, ಕಟ್ಟಿದೋನು. ನೀವು ಸ್ಕ್ರೈಬಸ್‌ಗೇ ಅಳ್ತಿದೀರಲ್ಲ.

ರಾತ್ರಿಪಾಳಿ
ಎಷ್ಟು ಹೊತ್ತು ಹಿಡೀತು ಅಂತನೂ ಹೇಳಿ ಸಾರ್.

ಪೋರ್ಟ್ಸ್_ಪುಟ್ಟ
ಅದು ಬೇರೆ ವಿಷಯ. ಮೊದಲನೇ ರಾತ್ರಿ ಬಿಟ್ಟು ಮಲಗಿದೆ, ಬೆಳಿಗ್ಗೆ ನೋಡಿದ್ರೆ ಯಾವುದೋ ಡಿಪೆಂಡೆನ್ಸಿದು ನೀಲಿ ಆಪ್ಷನ್ಸ್ ಡಬ್ಬಿ ತೆಕ್ಕೊಂಡು ನನ್ನ ಎಂಟರ್‌ಗೆ ಕಾಯ್ತಾ ಕೂತಿದೆ, ರಾತ್ರಿ 11:15ರಿಂದ. ಎರಡನೇ ರಾತ್ರಿನೂ ಅದೇ, ಇನ್ನೊಂದು ಡಬ್ಬಿ. ಎಲ್ಲಾ ಡಬ್ಬಿ ಒಟ್ಟಿಗೆ ಕೇಳಿಬಿಡೋ ಕಾನ್ಫಿಗ್-ರಿಕರ್ಸಿವ್ ಮೊದ್ಲೇ ಹೊಡೀಬೇಕು ಅಂತ ಆಮೇಲೆ ಗೊತ್ತಾಯ್ತು. ಒಟ್ಟು ಐದು ದಿನ. ಆದ್ರೆ ನನಗೆ ಏನು ಬೇಕೋ ಅದಿದೆ, ಏನು ಬೇಡ್ವೋ ಅದಿಲ್ಲ.

ಬಿಸಿಬಿಸಿ_ಬೈಟ್
ಪಿಕೆಜಿ ಇನ್‌ಸ್ಟಾಲ್ ಅಂತ ಒಂದು ಲೈನ್ ಹೊಡೆದಿದ್ರೆ ಅದೇ ಲಿಬ್ರೆಆಫೀಸ್ ಹತ್ತು ನಿಮಿಷಕ್ಕೆ ಬರ್ತಿತ್ತು. ನೀವು ಬೇಡ ಅಂತ ತೆಗೆದ ಆಪ್ಷನ್ ಯಾವುದು, ಒಂದು ಹೆಸರು ಹೇಳಿ ನೋಡೋಣ.

ಪೋರ್ಟ್ಸ್_ಪುಟ್ಟ
ಕಪ್ಸ್. ನನ್ನತ್ರ ಪ್ರಿಂಟರ್ ಇಲ್ಲ.

ತುಂಗಾತೀರ_ಡಿಟಿಪಿ
ಎಲ್ಲಾ ಸರಿ, ಮೇಷ್ಟ್ರ ಪ್ರೆಸ್‌ನೋರು ಏನು ಕೇಳ್ತಾರೆ ಅಂತ ಯಾರಾದ್ರೂ ಕೇಳಿದ್ರಾ? 22 ವರ್ಷದಿಂದ ಪುಟ ಕಟ್ತಿದೀನಿ. ಪೇಜ್‌ಮೇಕರ್, ನುಡಿ, ಆಸ್ಕಿ (ಯೂನಿಕೋಡ್‌ಗೂ ಮುಂಚಿನ ಹಳೇ ಫಾಂಟ್ ಪದ್ಧತಿ). ಸ್ಕ್ರೈಬಸ್ ನಾನೂ ನೋಡಿದೀನಿ, ಮಗ ಹಾಕ್ಕೊಟ್ಟಿದ್ದ, ಸೋರ್ಸಿಂದ್ಲೇ. ಆರು ತಿಂಗಳು ಚೆನ್ನಾಗಿತ್ತು. ಒಂದಿನ ಅಪ್‌ಡೇಟ್ ಅಂತ ಬಂತು, ಪಿಡಿಎಫ್ ಓದೋ ಲೈಬ್ರರಿ ಪಾಪ್ಲರ್ ಬದಲಾಯ್ತಂತೆ, ಓಪನ್ನೇ ಆಗಲ್ಲ. ಮತ್ತೆ ಬಿಲ್ಡ್ ಮಾಡೋಕೆ ಕೂತ, ಪಿಡಿಎಫ್ ಇಂಪೋರ್ಟ್ ಮಾಡೋ ಕಡೆ ಎರರ್ ಸಾಲುಸಾಲು, ಪಾಪ್ಲರ್ ಹೊಸದು ಬಂದಾಗೆಲ್ಲ ಇದೇ ಗೋಳಂತೆ. ಮಗ ಬೆಂಗಳೂರಿಗೆ ಹೋದ. ನನ್ನ ಅರ್ಧ ಕಟ್ಟಿದ ದೇವಸ್ಥಾನದ ಪಂಚಾಂಗ ಅದ್ರಲ್ಲೇ ಉಳೀತು. ಇಡೀ ಪಂಚಾಂಗ ನುಡಿಲಿ ಮತ್ತೆ ಟೈಪ್ ಮಾಡಿದೆ, ಬೆರಳು ಊದ್ಕೊಂಡಿತ್ತು.

ಕುಡ್ಲದ_ಪೆಂಗ್ವಿನ್
ಇನ್ನೂ ಆಸ್ಕಿಯಾ ಮೇಡಂ? ಆ ಪಂಚಾಂಗದಲ್ಲಿ ಒಂದು ತಿಥಿ ಹುಡುಕ್ಲಿಕ್ಕೆ ಆಗ್ತದಾ? ಕಾಪಿ ಮಾಡಿದರೆ ಬರುವುದು ಇಂಗ್ಲಿಷ್ ಅಕ್ಷರದ ಗೊಜ್ಜು.

ತುಂಗಾತೀರ_ಡಿಟಿಪಿ
ನನ್ನ ಪಂಚಾಂಗ ಜನ ಗೋಡೆಗೆ ನೇತು ಹಾಕ್ತಾರೆ, ಹುಡುಕೋಕೆ ಕಣ್ಣಿದೆ ಅವ್ರಿಗೆ. ನಿಮ್ಮ ಜಿಂಪಲ್ಲಿ ಏನು ಮಾಡಿದ್ರಿ, ಅದನ್ನ ಹೇಳಿ ಮೊದ್ಲು.

ಕುಡ್ಲದ_ಪೆಂಗ್ವಿನ್
ಅದು ಬೇರೆ.

ಹುಬ್ಬಳ್ಳಿ_ಮಿರ್ಚಿ
ಅಕ್ಕಾರ, ಪಿಡಿಎಫ್ ಕೊಟ್ರ ಪ್ರೆಸ್‌ನಾಂವಗ ಯೂನಿಕೋಡ ಆದ್ರೇನ್ರಿ, ಆಸ್ಕಿ ಆದ್ರೇನ್ರಿ? ಫಾಂಟ್ ಒಳಗ ಎಂಬೆಡ್ ಆಗಿರ್ತದ. ಪಾಪ್ಲರ್ ಮಾತು ಮಾತ್ರ ಖರೆ.

ತುಂಗಾತೀರ_ಡಿಟಿಪಿ
ನಮ್ಮೂರಲ್ಲಿ ಪ್ರೆಸ್‌ನೋರು ಪಿಡಿಎಫ್ ಕೊಟ್ರೆ ‘ಓಪನ್ ಫೈಲ್ ಕೊಡಿ’ ಅಂತಾರೆ, ರಾತ್ರಿ ಹತ್ತು ಗಂಟೆಗೆ ಅಧ್ಯಕ್ಷರ ಹೆಸರು ಬದಲಾಯಿಸೋಕೆ. ಅದು ಗೊತ್ತಾ ನಿಮಗೆ?

ತೆಂಗಿನಸೀಮೆ_ಮೇಷ್ಟ್ರು
ಎಲ್ಲರಿಗೂ ಧನ್ಯವಾದ. ಎಲ್ಲಾ ಓದಿದೆ. ಆಪ್‌ಇಮೇಜೇ ಸುಲಭ ಅನ್ಸುತ್ತೆ, ಆದ್ರೆ ಮಿರ್ಚಿ ಸಾರ್ ಒಂದೂ ಒತ್ತು ತಪ್ಪಿಲ್ಲ ಅಂದಿದ್ದು ಓದಿ ತಡೆಯೋಕಾಗ್ಲಿಲ್ಲ, ಮಧ್ಯಾಹ್ನ 1.5.4 ಸೋರ್ಸ್ ಇಳಿಸಿ ಶುರು ಮಾಡೇಬಿಟ್ಟೆ. ಈಗ 38%.

ಹುಬ್ಬಳ್ಳಿ_ಮಿರ್ಚಿ
ಶಾಬಾಶ್ ಮಾಸ್ತರ! -ಜೆ ಎಷ್ಟು ಕೊಟ್ಟೀರಿ?

ತೆಂಗಿನಸೀಮೆ_ಮೇಷ್ಟ್ರು
4. ಮುಕ್ಕಾಲು ಗಂಟೆಯಿಂದ ಮೌಸ್ ಅಲ್ಲಾಡ್ತಿಲ್ಲ, ಇದನ್ನ ಫೋನಲ್ಲಿ ಟೈಪ್ ಮಾಡ್ತಿದೀನಿ.