ಚಿಲಕ ಹಾಕದ ಬಾಗಿಲಿಗೆ ಒಂದು ಪದ ಬೇಕು

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಬಸವನಗುಡಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ರೋಗದ ಜೊತೆ ಹೋರಾಡುವ ಜೀವಕೋಶಗಳ ಬಗ್ಗೆ ಕನ್ನಡದಲ್ಲಿ ಹೇಳಬೇಕಿದೆ. ಎಪಿಜೆನೆಟಿಕ್ಸ್, ಅಂದರೆ ಡಿಎನ್‌ಎ ಅಕ್ಷರ ಬದಲಾಗದೆಯೇ ಜೀನಿನ ಓದು ಶುರುವಾಗುವ, ನಿಲ್ಲುವ ಬಗೆ, ಅದರ ಹತ್ತಿರ ಬಂದು ಸಿಕ್ಕಿಹಾಕಿಕೊಂಡಿದ್ದೇನೆ.

ಆ ಹೆಸರನ್ನು ಹಾಗೇ ಇಟ್ಟುಕೊಳ್ಳುತ್ತೇನೆ. 1942ರಲ್ಲಿ ಜೀವವಿಜ್ಞಾನಿ ವ್ಯಾಡಿಂಗ್ಟನ್ ಅದನ್ನು ಬಳಕೆಗೆ ತಂದಾಗ ಡಿಎನ್‌ಎ ಆಕಾರವೇ ಗೊತ್ತಿರಲಿಲ್ಲ. ಅವರ ಅರ್ಥ ಬೇರೆ, ಈಗಿನದು ಬೇರೆ. ಪದ ಒಡೆದು 'ಎಪಿ' ಬದಲು ಸುಮ್ನೆ 'ಮೇಲ್' ಅಂಟಿಸಿದರೆ ಏನೂ ತಿಳಿಯುವುದಿಲ್ಲ.

ತೊಡಕಿರುವುದು ಜೀನ್ ಯಾವ ಸ್ಥಿತಿಯಲ್ಲಿದೆ ಅಂತ ಹೇಳುವಲ್ಲಿ. ಡಿಎನ್‌ಎ ದಾರ ಹಿಸ್ಟೋನ್ ಎಂಬ ಪ್ರೋಟೀನಿನ ರೀಲಿಗೆ ಸುತ್ತಿಕೊಂಡಿರುತ್ತದೆ. ಹಿಸ್ಟೋನಿಗೆ ಅಸಿಟೈಲ್ ಎಂಬ ಪುಟ್ಟ ರಾಸಾಯನಿಕ ತುಣುಕು ಅಂಟಿದರೆ ಸುತ್ತು ಸಡಿಲವಾಗಿ ಜೀನನ್ನು ಓದಲು ಆಗುತ್ತದೆ. ಜೀನ್ ಶುರುವಾಗುವ ಕಡೆ ಡಿಎನ್‌ಎಗೇ ಮೀಥೈಲ್ ಎಂಬ ಇನ್ನೊಂದು ತುಣುಕು ಅಂಟಿದರೆ ಸಾಮಾನ್ಯವಾಗಿ ಓದು ನಿಲ್ಲುತ್ತದೆ. ಡಿಎನ್‌ಎಯ ಅಕ್ಷರ ಮಾತ್ರ ಒಂದೂ ಬದಲಾಗುವುದಿಲ್ಲ. ಇದಕ್ಕೆ ಮೊದಲು 'ಮೌನ ಜೀನ್' ಅಂತ ಬರೆದಿದ್ದೆ. ಜೀನ್ ಯಾವತ್ತು ಮಾತಾಡಿತ್ತು? ಹೊಡೆದುಹಾಕಿದೆ. 'ನಿಷ್ಕ್ರಿಯ' ಅಂದರೆ ಕೆಟ್ಟುಹೋಗಿದೆ ಅನ್ನಿಸುತ್ತದೆ.

'ಮುಚ್ಚಿದ', 'ತೆರೆದ' ಎಂಬ ಮಾತುಗಳಲ್ಲಿ ಅರ್ಧ ಕೆಲಸ ಆಗುತ್ತದೆ. ರೋಗದ ಜೊತೆ ಹೋರಾಡುವ ಸಹಾಯಕ ಟಿ ಜೀವಕೋಶಗಳ ಒಂದು ಬಗೆಯಲ್ಲಿ ಇಂಟರ್‌ಫೆರಾನ್ ಗಾಮಾ ಎಂಬ ಸಂದೇಶದ ಪ್ರೋಟೀನಿನ ಜೀನ್ ತೆರೆದಿರುತ್ತದೆ, ಇಂಟರ್‌ಲ್ಯೂಕಿನ್ 4 ಎಂಬ ಇನ್ನೊಂದರ ಜೀನ್ ಮುಚ್ಚಿರುತ್ತದೆ. ಇನ್ನೊಂದು ಬಗೆಯಲ್ಲಿ ಉಲ್ಟಾ. ಆದರೆ ಹಿಂದೆ ಬಂದ ರೋಗಾಣುವನ್ನು ನೆನಪಿಟ್ಟುಕೊಳ್ಳುವ ಟಿ ಜೀವಕೋಶಗಳಲ್ಲಿನ ಜೀನಿಗೆ ಏನನ್ನೋಣ? ಸೋಂಕು ವಾಸಿಯಾದ ಮೇಲೂ ಅವುಗಳ ಗಾಮಾ ಜೀನಿಗೆ ಮೀಥೈಲ್ ವಾಪಸ್ ಬಂದು ಕೂತಿರುವುದಿಲ್ಲ. ಹಾಗಂತ ಓದೂ ನಡೆಯುತ್ತಿರುವುದಿಲ್ಲ. ಅದೇ ರೋಗಾಣು ಮತ್ತೆ ಬಂದರೆ ಕೆಲವೇ ಗಂಟೆಗಳಲ್ಲಿ ಕೆಲಸ ಶುರು.

ಅಮ್ಮ ಪಕ್ಕದ ಮನೆಗೆ ಹೋಗುವಾಗ "ಬಾಗಿಲು ಮುಂದಕ್ಕೆ ಹಾಕಿದೀನಿ, ಚಿಲಕ ಹಾಕಿಲ್ಲ" ಅಂತಾರೆ. ಸರಿಯಾಗಿ ಅದೇ! ಇಲ್ಲಿ ಮೀಥೈಲೇ ಚಿಲಕ. ಆದರೆ ಪ್ರತಿ ಸಲ ಇಷ್ಟುದ್ದ ಹೇಳಲು ಆಗುವುದಿಲ್ಲ. 'ಸನ್ನದ್ಧ ಜೀನ್' ಎಂದರೆ ಯುದ್ಧಕ್ಕೆ ಹೊರಟ ಹಾಗಿದೆ. 'ಓರೆ ಜೀನ್' ಅಂದರೆ ಮಕ್ಕಳು ಸೊಟ್ಟ ಅಂದುಕೊಳ್ಳುತ್ತಾರೆ, ಅಲ್ವಾ? 'ಚಿಲಕವಿಲ್ಲದ ಜೀನ್' ಅಂದರೆ ಚಿಲಕವನ್ನೇ ಮಾಡಿಸಿಲ್ಲ ಅನ್ನುವ ಅರ್ಥ ಬರುತ್ತದೆ.

ಇಂಥ ಬಾಗಿಲಿಗೆ ನಿಮ್ಮ ಕಡೆ ಒಂದೇ ಪದ ಇದೆಯಾ? ಧಾರವಾಡ, ಮಂಗಳೂರು ಕಡೆಯವರು ದಯವಿಟ್ಟು ತಿಳಿಸಿ. ಮನೆಮಾತಿನ ಪದವಾದರೂ ನಡೆಯುತ್ತದೆ, ಪದಕೋಶದಲ್ಲಿ ಇರಲೇಬೇಕು ಅಂತಿಲ್ಲ.