ಫಾರ್ಮ್ಯಾಟ್ ಮಾಡೋದು ಬೇಡ ದೊಡ್ಡಪ್ಪ

(ಮನೆ ಮಂದಿಯ ವಾಟ್ಸಾಪ್ ಗುಂಪು, ಆಗಸ್ಟ್ 2024, ಒಂದು ಭಾನುವಾರ)

ದೊಡ್ಡಪ್ಪ: [ಫೋಟೋ]

ದೊಡ್ಡಪ್ಪ: ಇದು ಎಂತದು ಮಾರಾಯ್ರೆ? ನಿನ್ನೆಯಿಂದ ಲ್ಯಾಪ್‌ಟಾಪ್ ಆನ್ ಮಾಡಿದ್ರೆ ಕಪ್ಪು ಪರದೆ ಮೇಲೆ ಬಿಳಿ ಅಕ್ಷರ ಸುರಿದು ಅಲ್ಲಿಗೇ ನಿಲ್ತದೆ. ಕ್ಯಾಪ್ಸ್ ಲಾಕ್ ದೀಪ ಮಾತ್ರ ಮಿಣಮಿಣ ಅಂತದೆ. ತೋಟಕ್ಕೆ ಎರಡನೇ ಸಲ ಬೋರ್ಡೋ ಔಷಧಿ ಹೊಡೆದವರ ಕೂಲಿ ಲೆಕ್ಕ ಅದರಲ್ಲೇ ಇದೆ. ನಾಳೆ ದುಡ್ಡು ಕೊಡ್ಬೇಕು.

ಚಿಕ್ಕಪ್ಪ: ಅಣ್ಣ, ಅದು ಹೋಯ್ತು. ಪೇಟೆಗೆ ತಗೊಂಡು ಹೋಗಿ ಫಾರ್ಮ್ಯಾಟ್ ಹೊಡೆಸಿ ವಿಂಡೋಸ್ ಹಾಕಿಸು. ಅರ್ಧ ದಿನದ ಕೆಲಸ. ವಿಂಡೋಸ್ ಬದಲು ಆ ಲಿನಕ್ಸ್ ಬೇಡ ಅಂತ ಆವತ್ತೇ ಹೇಳಿದ್ದೆ.

ಅತ್ತೆ: ಫಾರ್ಮ್ಯಾಟಾ? ಅಮ್ಮನ ಫೋಟೋ ಎಲ್ಲ ಅದರಲ್ಲೇ ಇದೆಯಲ್ಲೋ! ಕಳೆದ ವರ್ಷದ ಗೌರಿ ಹಬ್ಬದ್ದು ಬೇರೆ ಎಲ್ಲೂ ಇಲ್ಲ.

ನಾನು: ದೊಡ್ಡಪ್ಪ, ದಯವಿಟ್ಟು ಫಾರ್ಮ್ಯಾಟ್ ಮಾಡಿಸ್ಬೇಡಿ. ಆ ಅಕ್ಷರ ಸುಮ್ಮನೆ ಸುರಿದದ್ದಲ್ಲ, ಏನಾಯ್ತು ಅಂತ ಕರ್ನಲ್ಲೇ, ಅಂದ್ರೆ ಇಡೀ ಮಿಷನ್ ನಡೆಸೋ ಲಿನಕ್ಸಿನ ತಿರುಳೇ, ಬರೆದುಕೊಟ್ಟಿದೆ. ಪುಟ್ಟಾ, ಫ್ಲ್ಯಾಶ್ ಆಫ್ ಮಾಡಿ ನೇರವಾಗಿ ಹಿಡಿದು ಇನ್ನೊಂದು ಫೋಟೋ ತೆಗಿ. ಇಂಥ ಹೊತ್ತಲ್ಲಿ ಅದು ಡಿಸ್ಕಿಗೆ ಏನೂ ಬರೆಯಲ್ಲ, ಆಮೇಲೆ ಅದರ ದಾಖಲೆ (ಲಾಗ್) ಹುಡುಕಿದ್ರೆ ಸಿಗದೇ ಇರಬಹುದು. ನಮಗಿರೋ ಸಾಕ್ಷಿ ಈ ಫೋಟೋ ಒಂದೇ.

ಪುಟ್ಟ: [ಫೋಟೋ] [ಫೋಟೋ]

ಪುಟ್ಟ: ಅಕ್ಕ, ಮೊದಲನೇದು ನಿನ್ನೆ ರಾತ್ರಿದು. ಎರಡನೇದು ಈಗಿಂದು.

ಚಿಕ್ಕಪ್ಪ: ನೋಡೋದೆಂತ ಅದರಲ್ಲಿ? ರ‍್ಯಾಮ್ ಹೋಗಿದೆ, ಇಲ್ಲಾ ಡಿಸ್ಕ್ ಹೋಗಿದೆ. ಆಫೀಸಲ್ಲಿ ಇಂಥದ್ದು ಎಷ್ಟು ನೋಡಿಲ್ಲ ನಾನು.

ನಾನು: ಚಿಕ್ಕಪ್ಪ, ರ‍್ಯಾಮ್ ಕೆಟ್ಟರೆ ಸಾಮಾನ್ಯವಾಗಿ ಒಂದೊಂದು ಸಲ ಒಂದೊಂದು ಕಡೆ ಬೀಳುತ್ತೆ. ಈ ಎರಡೂ ಫೋಟೋದಲ್ಲಿ ಆರ್‌ಐಪಿ ಅಂತ ಇರೋ ಸಾಲು ನೋಡಿ. ಪ್ರೊಸೆಸರ್ ಯಾವ ಜಾಗದಲ್ಲಿ ಎಡವಿತು ಅನ್ನೋದು ಆ ಸಾಲಲ್ಲಿರುತ್ತೆ. ನಿನ್ನೆಯದೂ ಇವತ್ತಿನದೂ ಅಕ್ಷರ ಅಕ್ಷರ ಒಂದೇ. ಸಾಲಿನ ಕೊನೆಗೆ ಚೌಕಾಕಾರದ ಕಂಸದಲ್ಲಿ ಇರೋದು ಮಾಡ್ಯೂಲ್, ಅಂದ್ರೆ ಕರ್ನಲ್‌ಗೆ ಸೇರಿಸೋ ತುಂಡಿನ ಹೆಸರು. ಅದು ದೊಡ್ಡಪ್ಪ ಲ್ಯಾಪ್‌ಟಾಪಿಗೆ ಚುಚ್ಚೋ ವೈಫೈ ಡಾಂಗಲ್‌ನ ಡ್ರೈವರ್, ಡಾಂಗಲನ್ನ ನಡೆಸೋ ಪ್ರೋಗ್ರಾಂ.

ನಾನು: ಮೇಲ್ಗಡೆ ನಲ್ ಪಾಯಿಂಟರ್ ಡಿರೆಫರೆನ್ಸ್ (ಖಾಲಿ ವಿಳಾಸ ನಂಬಿ ಓದೋಕೆ ಹೋದದ್ದು), ಅಡ್ರೆಸ್ 0000000000000018 ಅಂತಿದೆ. ಆ 18 ಹದಿನಾರರ ಲೆಕ್ಕದ್ದು, ನಮ್ಮ ಲೆಕ್ಕದಲ್ಲಿ 24. ಅಂದ್ರೆ ಡ್ರೈವರ್ ಒಂದು ಪೆಟ್ಟಿಗೆ ಇದೆ ಅಂತ ನಂಬಿ, ಅದರೊಳಗೆ 24 ಬೈಟ್ ದಾಟಿ ಇರೋ ಖಾನೆಗೆ ಕೈ ಹಾಕಿದೆ. ಪೆಟ್ಟಿಗೆಯೇ ಇರಲಿಲ್ಲ.

ದೊಡ್ಡಪ್ಪ: ಒಂದು ಡಾಂಗಲ್ ಕೆಟ್ಟರೆ ಇಡೀ ಮಿಷನ್ನೇ ನಿಲ್ಲೋದು ಹ್ಯಾಗೆ? ಮಿಕ್ಸಿ ಕೆಟ್ಟರೆ ಮನೆ ಕರೆಂಟೇ ಹೋಗ್ತದಾ?

ನಾನು: ಬ್ರೌಸರ್ ಎಡವಿದ್ರೆ ಬ್ರೌಸರ್ ಒಂದೇ ಮುಚ್ಚುತ್ತೆ ದೊಡ್ಡಪ್ಪ. ಡ್ರೈವರ್ ಹಾಗಲ್ಲ, ಅದು ಕರ್ನಲ್ ಒಳಗೇ ಕೂತು ಕೆಲಸ ಮಾಡುತ್ತೆ, ಮಧ್ಯೆ ಗೋಡೆ ಇಲ್ಲ. ಅದರಲ್ಲೂ ಇದು ಇಂಟರಪ್ಟ್, ಅಂದ್ರೆ ‘ಈಗಲೇ ನನ್ನ ಕಡೆ ನೋಡು’ ಅನ್ನೋ ತುರ್ತು ಕರೆ, ನೋಡ್ಕೊಳ್ತಾ ಇದ್ದಾಗ ಎಡವಿದೆ, ಕೊನೇ ಸಾಲಲ್ಲಿ ಹಾಗೇ ಬರೆದಿದೆ. ಆ ಹೊತ್ತಲ್ಲಿ ಒಂದು ಪ್ರೋಗ್ರಾಂ ಮುಚ್ಚಿ ಮುಂದೆ ಹೋಗೋಣ ಅನ್ನೋಕಾಗಲ್ಲ.

ನಾನು: ಅದೇ ಸಾಲಲ್ಲಿ ನಾಟ್ ಸಿಂಕಿಂಗ್ ಅಂತಿದೆ ನೋಡಿ. ಅತ್ತೆ, ಇದು ನಿಮಗೆ. ‘ನನ್ನ ಲೆಕ್ಕ ತಪ್ಪಿದೆ, ಇನ್ನು ಡಿಸ್ಕಿಗೆ ಏನೂ ಬರೆಯಲ್ಲ’ ಅಂತ ಅರ್ಥ. ಸೇವ್ ಆಗದೇ ಉಳಿದದ್ದು ಹೋಗಿರಬಹುದು. ಅಜ್ಜಿಯ ಫೋಟೋ ಕೆಡಬಾರದು ಅಂತಲೇ ಅದು ಕೈ ಕಟ್ಟಿ ನಿಂತಿರೋದು. ಫಾರ್ಮ್ಯಾಟ್ ಮಾಡಿದ್ರೆ ನಾವೇ ಅದನ್ನ ಅಳಿಸಿದ ಹಾಗಾಗುತ್ತೆ.

ಅತ್ತೆ: ಅಬ್ಬ. ಅಣ್ಣ, ಯಾರು ಹೇಳಿದ್ರೂ ಪೇಟೆಗೆ ಕೊಡಬೇಡ.

ಚಿಕ್ಕಪ್ಪ: ನಾನು ಕೆಟ್ಟದ್ದಕ್ಕೆ ಹೇಳಿದ್ದಲ್ಲ. ವಿಂಡೋಸಲ್ಲಿ ಇಂಥ ತಾಪತ್ರಯ ಇಲ್ಲ, ಅಷ್ಟೇ.

ಭಾವ (ಮ್ಯೂನಿಕ್): ಮಾವ, ಹೋದ ತಿಂಗಳು 19ನೇ ತಾರೀಖು ಮರೆತುಬಿಟ್ರಾ? ಕ್ರೌಡ್‌ಸ್ಟ್ರೈಕ್ ಅನ್ನೋ ಭದ್ರತಾ ಕಂಪನಿಯ ಅಪ್‌ಡೇಟಿಂದ ಬಿದ್ದದ್ದು ವಿಂಡೋಸ್ ಮಿಷನ್‌ಗಳೇ. ಮೈಕ್ರೋಸಾಫ್ಟ್ ಅಂದಾಜಲ್ಲಿ 85 ಲಕ್ಷ. ನಮ್ಮ ದೇಶದ ಏರ್‌ಪೋರ್ಟಲ್ಲೂ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದು ಕೊಟ್ಟರು. ಅದೂ ಇದೇ ಜಾತಿಯ ತಪ್ಪು. ಕರ್ನಲ್ ಒಳಗಿನ ಅವರ ಡ್ರೈವರಿಗೆ ಸಿಕ್ಕಿದ್ದು 20 ಮೌಲ್ಯ, ಅದು 21ನೇದನ್ನ ಓದೋಕೆ ಹೋಯ್ತು.

ಚಿಕ್ಕಪ್ಪ: ಅದನ್ನ ಒಂದೂವರೆ ಗಂಟೆಯೊಳಗೆ ವಾಪಸ್ ತಗೊಂಡ್ರಲ್ಲ.

ಭಾವ (ಮ್ಯೂನಿಕ್): ತಗೊಂಡ್ರು, 78 ನಿಮಿಷಕ್ಕೆ. ಆದ್ರೆ ಬಿದ್ದ ಮಿಷನ್ ಬೂಟೇ ಆಗದಿದ್ರೆ ಸರಿಯಾದ ಫೈಲ್ ತಲುಪೋದು ಹೇಗೆ? ಎಷ್ಟೋ ಮಿಷನ್‌ಗಳ ಮುಂದೆ ಜನ ಹೋಗಿ ಕೂತು, ಸೇಫ್ ಮೋಡಲ್ಲಿ (ಬೇಕಾದಷ್ಟನ್ನೇ ಎಬ್ಬಿಸಿ) ಆ ಒಂದು ಫೈಲ್ ಅಳಿಸಿದ್ರು. ಅದಕ್ಕೆ ಫಾರ್ಮ್ಯಾಟ್ ಬೇಕಾಗಿರಲಿಲ್ಲ ಮಾವ.

ದೊಡ್ಡಪ್ಪ: ಆ ಪುರಾಣ ಸಾಕು. ಈಗ ಎಂತ ಮಾಡೋದು ಹೇಳಿ.

ನಾನು: ಪುಟ್ಟಾ, ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡು. ಡಾಂಗಲ್ ಕಿತ್ತು ಆನ್ ಮಾಡು.

ಪುಟ್ಟ: ಬಂತು ಅಕ್ಕ!! ಡೆಸ್ಕ್‌ಟಾಪ್ ಬಂತು. ಅಜ್ಜಿ ಫೋಟೋ ಫೋಲ್ಡರೂ ಇದೆ.

ಅತ್ತೆ: ಮೊದಲು ಅದನ್ನ ಪೆನ್‌ಡ್ರೈವಿಗೆ ಹಾಕೋ ಪುಟ್ಟ. ಆಮೇಲೆ ಉಳಿದದ್ದು.

ನಾನು: ಅತ್ತೆ ಹೇಳಿದ್ದು ಸರಿ, ಕೂಲಿ ಲೆಕ್ಕವೂ ಸೇರಿಸು. ಆಮೇಲೆ ರೀಸ್ಟಾರ್ಟ್ ಮಾಡಿ, ಕಂಪನಿ ಲಾಂಛನ ಬಂದ ಕೂಡಲೇ ಎಸ್ಕೇಪ್ ಒತ್ತು. ಮೆನುವಿನಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಅಪ್‌ಡೇಟಿಗೆ ಮುಂಚಿನ ಹಳೇ ಕರ್ನಲ್ ಇರುತ್ತೆ. ಅದನ್ನ ಆರಿಸಿ, ಡಾಂಗಲ್ ಹಾಕಿ ನೋಡು.

ಪುಟ್ಟ: ಹೊಸದು 6.8, ಹಳೇದು 6.5 ಇದೆ. 6.5ರಲ್ಲಿ ಡಾಂಗಲ್ ಹಾಕಿದ್ರೂ ಏನೂ ಆಗ್ಲಿಲ್ಲ, ನೆಟ್ಟೂ ಬಂತು.

ನಾನು: ಗೊತ್ತಾಯ್ತಲ್ಲ ಚಿಕ್ಕಪ್ಪ? ರ‍್ಯಾಮ್ ಅದೇ, ಡಿಸ್ಕ್ ಅದೇ, ಡಾಂಗಲ್ಲೂ ಅದೇ. ಈ ಡ್ರೈವರೂ ಅಪ್‌ಡೇಟಲ್ಲಿ ಬಂದ 6.8 ಕರ್ನಲ್ಲೂ ಒಟ್ಟಿಗೆ ಸೇರಿದಾಗ ಮಾತ್ರ ಬೀಳ್ತಿದೆ.

ಚಿಕ್ಕಪ್ಪ: ಹಾಗಾದ್ರೆ ಅಪ್‌ಡೇಟ್ ಮಾಡಿದವರದ್ದೇ ತಪ್ಪು. ಅಪ್‌ಡೇಟ್ ಆಫ್ ಮಾಡಿಬಿಡಿ, ಹಳೇದರಲ್ಲೇ ಇರಲಿ. ಓಡೋದನ್ನ ಯಾಕೆ ಮುಟ್ಟಬೇಕು?

ನಾನು: ಇದನ್ನ ಮಾತ್ರ ನಾನು ಒಪ್ಪಲ್ಲ. ಹೊರಗಿನ ಪ್ರೋಗ್ರಾಂಗಳಿಗೆ ಕೊಟ್ಟ ಮಾತನ್ನ ಲಿನಕ್ಸ್ ಕರ್ನಲ್‌ನವರು ಮುರಿಯಲ್ಲ. ಒಳಗಿನ ಜೋಡಣೆ ಬದಲಾಗ್ತಾ ಇರುತ್ತೆ, ಅದನ್ನ ಬಚ್ಚಿಟ್ಟಿಲ್ಲ, ದಾಖಲೆಯಲ್ಲೇ ಬರೆದಿದ್ದಾರೆ. ಕರ್ನಲ್ ಮೂಲದ ಜೊತೆಗೇ ಇರೋ ಡ್ರೈವರನ್ನ, ಜೋಡಣೆ ಬದಲಾಯಿಸಿದವರೇ ತಿದ್ದಿಕೊಡ್ತಾರೆ. ಈ ಡಾಂಗಲ್‌ನದ್ದು ಅಂಗಡಿಯವರು ಹೋದ ವರ್ಷ ಎಲ್ಲಿಂದಲೋ ಇಳಿಸಿ ಹಾಕಿದ್ದು. ಫೋಟೋದಲ್ಲಿ ಟೇಂಟೆಡ್ (ಕಲೆ ಬಿದ್ದದ್ದು) ಪಕ್ಕ ಓ ಅಕ್ಷರ ಇದೆಯಲ್ಲ, ಮೂಲದಲ್ಲಿಲ್ಲದ ಡ್ರೈವರ್ ಬಂದು ಸೇರಿದೆ ಅನ್ನೋ ಗುರುತು ಅದು. ಪ್ರತಿ ಕರ್ನಲ್ ಅಪ್‌ಡೇಟಿಗೂ ಡಿಕೆಎಂಎಸ್ ಅನ್ನೋ ಸಾಧನ ಅದನ್ನ ಹೊಸದಾಗಿ ಕಂಪೈಲ್ ಮಾಡುತ್ತೆ, ಅಂದ್ರೆ ಹೊಸ ಕರ್ನಲ್‌ಗೆ ಕಟ್ಟಿಕೊಡುತ್ತೆ. ಕಂಪೈಲ್ ಆಯ್ತು ಅಂದ ಮಾತ್ರಕ್ಕೆ ಸರಿ ಇದೆ ಅಂತಲ್ಲ.

ನಾನು: ದೊಡ್ಡಪ್ಪ ಇದೇ ಲ್ಯಾಪ್‌ಟಾಪಲ್ಲಿ ಬ್ಯಾಂಕ್ ನೋಡ್ತಾರೆ. ಅಪ್‌ಡೇಟ್ ನಿಲ್ಲಿಸಿದ್ರೆ ಭದ್ರತೆಯ ತೇಪೆಗಳೂ ನಿಲ್ಲುತ್ತವೆ. ಅದು ಬೇಡ.

ದೊಡ್ಡಪ್ಪ: ಹಂಗಾದ್ರೆ ನಂಗೆ ವೈಫೈ ಬೇಡವಾ?

ನಾನು: ಇರುತ್ತೆ ದೊಡ್ಡಪ್ಪ. 6.2ರಿಂದ ಡಾಂಗಲ್‌ನ ಆ ಚಿಪ್ಪಿಗೆ ಕರ್ನಲ್ ಒಳಗೇ ಡ್ರೈವರ್ ಬಂದಿದೆ. ಅಂಗಡಿಯವರು ತಮ್ಮದನ್ನ ಹಾಕುವಾಗ ಅದು ಏಳದ ಹಾಗೆ ಬ್ಲ್ಯಾಕ್‌ಲಿಸ್ಟ್ ಮಾಡಿರ್ತಾರೆ, ಒಂದೇ ಸಾಲು. ಅಂಗಡಿಯ ಡ್ರೈವರ್ ತೆಗೆದು ಆ ಸಾಲು ಅಳಿಸಿದ್ರೆ ಮುಗೀತು. ಪುಟ್ಟಾ, ಫೋನ್ ಮಾಡ್ತೀನಿ, ಹೇಳಿದ ಹಾಗೇ ಟೈಪ್ ಮಾಡು.

(40 ನಿಮಿಷದ ನಂತರ)

ಪುಟ್ಟ: [ಫೋಟೋ] 6.8ರಲ್ಲೇ ಬೂಟ್ ಮಾಡಿದೀವಿ, ಡಾಂಗಲ್ ಹಾಕೇ ಇದೆ. ಮೂರು ಸಲ ಆಫ್ ಆನ್ ಮಾಡಿ ನೋಡ್ದೆ.

ಚಿಕ್ಕಪ್ಪ: ಒಂದು ವಾರ ಓಡ್ಲಿ, ಆಮೇಲೆ ಒಪ್ತೀನಿ.

ನಾನು: ಸರಿ ಚಿಕ್ಕಪ್ಪ. ಮತ್ತೆ ಬಿದ್ದರೆ ಮೊದಲು ಫೋಟೋ, ಆಮೇಲೆ ಪವರ್ ಬಟನ್.

ಅತ್ತೆ: ಪುಟ್ಟ, ಪೆನ್‌ಡ್ರೈವ್ ದೇವರ ಮನೆ ಗೂಡಲ್ಲಿ ಇಡು. ಮುಂದಿನ ವಾರ ಬಂದಾಗ ತಗೊಂಡು ಹೋಗ್ತೀನಿ.

ದೊಡ್ಡಪ್ಪ: ಲೆಕ್ಕ ತೆರೀತು. ಏಳು ಜನರದ್ದು ಇದೆ, ಗುರುವಾರದ ಅರ್ಧ ದಿನ ಮಾತ್ರ ಬರೆದದ್ದು ಹೋಗಿದೆ. ಅವತ್ತು ಮೇಲಿನ ತೋಟಕ್ಕೆ ಯಾರ‍್ಯಾರು ಬಂದಿದ್ರು ಅಂತ ನಿಮ್ಮ ದೊಡ್ಡಮ್ಮನ ಕೇಳ್ತೆ, ಚಾ ಕೊಟ್ಟವಳು ಅವಳೇ.