ಶಿರಸಿ, ಕುಮಟಾ, ಕಾರವಾರ ಟ್ರಿಪ್: ಊರಿನ ಸಾಮಾನು, ಹಳೇ ಪಾತ್ರೆ, ತಿಂಡಿ ಎಲ್ಲಿ ತಗೊಳ್ಳೋದು?

ದಾರಿಹೋಕಿ:
ಎಲ್ರಿಗೂ ನಮಸ್ಕಾರ. ಏಪ್ರಿಲ್ ಕೊನೇ ವಾರ ಬೆಂಗ್ಳೂರಿಂದ ಕಾರಲ್ಲಿ ಹೊರಡ್ತಿದೀವಿ, ಮೊದ್ಲು ಶಿರಸಿ, ಅಲ್ಲಿಂದ ದೇವಿಮನೆ ಘಟ್ಟ ಇಳಿದು ಕುಮಟಾ, ಗೋಕರ್ಣ, ಅಂಕೋಲಾ, ಕೊನೆಗೆ ಕಾರವಾರ. ಫಾಲ್ಸು ಬೀಚು ಇದ್ರ ಬಗ್ಗೆ ನೆಟ್ಟಲ್ಲಿ ಬೇಕಾದಷ್ಟಿದೆ, ಅದು ಬೇಡ. ನಂಗೆ ಬೇಕಿರೋದು ಶಾಪಿಂಗ್ ವಿಷ್ಯ. ಆ ಕಡೆದೇ ಅನ್ನೋ ಕೈಕೆಲಸದ ಸಾಮಾನು, ತಿನ್ನೋ ಸಾಮಾನು ಎಲ್ಲಿ ಸಿಗುತ್ತೆ? ಜೊತೆಗೆ ಅತ್ತೆ ಬರ್ತಿದಾರೆ, ಅವ್ರಿಗೆ ಹಳೇ ಕಂಚಿನ ಪಾತ್ರೆ, ಮರದ ಮರಿಗೆ, ಭರಣಿ ಅಂದ್ರೆ ಪ್ರಾಣ, "ಆ ಕಡೆ ಹಳೇ ಮನೆಗಳಲ್ಲಿ ರಾಶಿ ಬಿದ್ದಿರುತ್ತಂತೆ, ಕೇಳಿದ್ರೆ ಕೊಡ್ತಾರಂತೆ" ಅಂತ ಯಾರೋ ಅವ್ರ ತಲೇಲಿ ತುಂಬಿದಾರೆ. ನಿಜಾನಾ? ಅಂಗಡಿ ಇದ್ರೆ ಅಂಗಡಿ ಹೇಳಿ, ಇಲ್ಲಾಂದ್ರೆ ಹೇಗೆ ಹುಡುಕೋದು ಹೇಳಿ. ಮೋಸ ಹೋಗದಂಗೆ ಏನು ನೋಡ್ಬೇಕು ಅಂತ್ಲೂ ಹೇಳಿದ್ರೆ ಉಪಕಾರ.

ಘಟ್ಟದಮೇಲಿನ_ಮಾಣಿ:
ಶಿರಸಿ ಕಡೆಯವ ನಾನು. ಮೊದಲೇ ಒಂದು ಹೇಳಿಬಿಡ್ತೆ, ಇಲ್ಲಿ ಮೈಸೂರು ಥರ "ಲೋಕಲ್ ಕ್ರಾಫ್ಟ್ಸ್" ಬೋರ್ಡ್ ಹಾಕ್ಕೊಂಡ ಬೀದಿ ಎಲ್ಲ ಇಲ್ಲೆ. ಒಳ್ಳೆ ಸಾಮಾನು ಒಂದೋ ಸೊಸೈಟಿಲಿ ಸಿಗ್ತು, ಇಲ್ಲಾ ಮಾಡೋರ ಮನೆಲಿ, ಇಲ್ಲಾ ಆ ಸೀಸನ್ನಲ್ಲಿ ರಸ್ತೆ ಬದಿಲಿ. ಹಂಗಾಗಿ ಯಾವ ಅಂಗಡಿ ಅಂತ ಕೇಳೋದಕ್ಕಿಂತ ಯಾವ ತಿಂಗಳಲ್ಲಿ ಎಂತ ಸಿಗ್ತು ಅಂತ ಕೇಳಿದ್ರೆ ಲಾಭ.

ತಿನ್ನೋ ಸಾಮಾನಿಗೆ ಶಿರಸಿಲಿ ಸೀದಾ ಟಿಎಸ್ಎಸ್ ಸೂಪರ್ ಮಾರ್ಕೆಟ್ಟಿಗೆ ಹೋಗಿ. ಅದು ಅಡಿಕೆ ತೋಟದವರ ಸಹಕಾರಿ ಸಂಘ, 1923ರಿಂದ ಇದ್ದು. ಕದಂಬ ಮಾರ್ಕೆಟಿಂಗ್ ಅಂತ ಇನ್ನೊಂದು ಸಹಕಾರಿ ಇದ್ದು, ಕಾಳುಮೆಣಸು, ಅಡುಗೆಗೆ ಹುಳಿಗೆ ಹಾಕೋ ಮುರುಗಲು (ಕೋಕಂ), ಉಪ್ಪಾಗೆ ಇಂಥದ್ದಕ್ಕೆಲ್ಲ ಅಲ್ಲೂ ನೋಡ್ಲಕ್ಕು. ಎರಡೂ ಕಡೆ ರೈತರಿಂದ್ಲೇ ಬರೋ ಮಾಲು, ರೇಟು ಬರೆದಿರ್ತು, ಚೌಕಾಸಿ ತಲೆನೋವು ಇಲ್ಲೆ. ಅಡಿಕೆ ಹಾಕೋರು ಮನೇಲಿ ಇದ್ರೆ ಶಿರಸಿ ಚಾಲಿ (ಹಣ್ಣಡಿಕೆ ಒಣಗಿಸಿ ಸುಲಿದದ್ದು) ಒಂದಿಷ್ಟು ತಗೊಳ್ಳಿ, 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದ್ದು ಅದಕ್ಕೆ.

ಕಾಳುಮೆಣಸು ತಗೊಂಡ್ರೆ ನಾಲ್ಕು ಕಾಳು ನೀರಿಗೆ ಹಾಕಿ ನೋಡಿ, ಗಟ್ಟಿ ಕಾಳು ಮುಳುಗ್ತು, ಜೊಳ್ಳು, ಪಪ್ಪಾಯಿ ಬೀಜ ತೇಲ್ತು. ಜೇನುತುಪ್ಪ ಏಪ್ರಿಲ್-ಮೇ ಹೊತ್ತಿಗೆ ಹೊಸದು ಬರ್ತು. ಪೆಟ್ಟಿಗೆಲಿ ಸಾಕೋ ತುಡುವೆ ಜೇನು ಬೇರೆ, ಚುಚ್ಚದ ಪುಟ್ಟ ಹುಳದ ಮಿಸರಿ ಜೇನು ಬೇರೆ, ಮಿಸರಿದು ಹುಳಿ ಮಿಶ್ರಿತ ರುಚಿ, ರೇಟೂ ಭಾರಿ ಜಾಸ್ತಿ, ಔಷಧಿಗೆ ಹೇಳಿ ಇಟ್ಕತ್ವು. ಮನೆಗೆ ಹೋದ್ಮೇಲೆ ಜೇನುತುಪ್ಪ ಹರಳುಗಟ್ಟಿತು ಅಂತ ಸಕ್ಕರೆ ಪಾಕ ಅಂದ್ಕೋಬೇಡಿ, ಶುದ್ಧ ಜೇನೂ ಹರಳುಗಟ್ತು.

ತೊಡದೇವು ಬಿಡ್ಬೇಡಿ. ಕಬ್ಬಿನ ಹಾಲಲ್ಲಿ ಅಕ್ಕಿ ಹಿಟ್ಟು ಕಲಸಿ ಬೋರಲು ಹಾಕಿದ ಮಡಕೆ ಮೇಲೆ ಬಟ್ಟೆಲಿ ಎಳೆದು ಮಾಡೋದು, ಪೇಪರ್ ಹಂಗೆ ತೆಳ್ಳಗೆ. ಬ್ಯಾಗಿಗೆ ಹಾಕಿದ್ರೆ ಪುಡಿ ಆಗ್ತು, ಮನೆಯಿಂದ್ಲೇ ಒಂದು ಗಟ್ಟಿ ಡಬ್ಬಿ ತನ್ನಿ. ತಿನ್ನೋವಾಗ ತುಪ್ಪ, ಮೇಲಿಂದ ಹಾಲು. ಜೋನಿ ಬೆಲ್ಲ (ನೀರು ಬೆಲ್ಲ) ತಗೊಂಡ್ರೆ ಬಾಟ್ಲಿ ಬಾಯಿ ತನಕ ತುಂಬಿಸ್ಕೊಳ್ಳಬೇಡಿ, ಏಪ್ರಿಲ್ ಬಿಸಿಲಿಗೆ ಕಾರಲ್ಲಿ ಉಬ್ಬಿ ಹುಳಿ ಬಂದು ಮುಚ್ಚಳ ಹಾರಿದ್ರೆ ಸೀಟೆಲ್ಲ ಅಂಟು. ಅಪ್ಪೆಮಿಡಿ ಹಸಿದು ನೀವು ಬರೋ ಹೊತ್ತಿಗೆ ಮುಗಿದಿರ್ತು, ಉಪ್ಪಿಗೆ ಹಾಕಿದ ಮಿಡಿ ಅಥವಾ ಉಪ್ಪಿನಕಾಯಿ ಸಿಗ್ತು. ಮುಚ್ಚಳ ತೆಗೆದ ಕೂಡ್ಲೇ ಸೊನೆ ವಾಸನೆ ಘಮ್ ಅನ್ನವು, ಇಲ್ಲದಿದ್ರೆ ಅದು ಬರೀ ಮಾವಿನಕಾಯಿ. ಹಲಸಿನ ಹಪ್ಪಳ ಆ ಟೈಮಿಗೆ ಮನೆಮನೆಲಿ ಅಂಗಳದಲ್ಲಿ ಒಣಗ್ತಾ ಇರ್ತು, ಹೋಮ್‌ಸ್ಟೇಲಿ ಇಳಿದ್ರೆ ಅವ್ರ ಹತ್ರಾನೇ ಕೇಳಿ, ಅಂಗಡಿ ಪ್ಯಾಕೆಟ್ಟಿಗಿಂತ ಅದು ಬೇರೇನೇ.

ಪಾತ್ರೆ ವಿಷ್ಯ ನಂಗೆ ಅಷ್ಟು ತಲೆ ಇಲ್ಲೆ, ಯಾರಾದ್ರೂ ಹೇಳ್ತ.

ಅಘನಾಶಿನಿ_ದಡ:
ಘಟ್ಟದ ಕೆಳಗಿನದ್ದು ನಾನು ಹೇಳ್ತೆ. ನೀವು ಬರೋ ಟೈಮು ಕುಮಟಾ ಈರುಳ್ಳಿದು. ಹೈವೇ ಬದಿಲಿ, ಅಳ್ವೆಕೋಡಿ ಹಂದಿಗೋಣ ಆ ಬದಿಲಿ, ಜಡೆ ಹೆಣೆದು ಸಾಲಾಗಿ ನೇತು ಹಾಕಿರ್ತಾರೆ, ಕಾಣದೇ ಮುಂದೆ ಹೋಗ್ಲಿಕ್ಕೇ ಆಗೂದಿಲ್ಲ. ಭತ್ತ ಕೊಯ್ದ ಗದ್ದೇಲಿ ಬೆಳೆಯೋದು, ಖಾರ ಇಲ್ಲ, ಹಸೀದೇ ತಿನ್ನಬಹುದು ಅಷ್ಟು ಸಿಹಿ. ತಗೊಳ್ಳುವಾಗ ಜಡೆಯ ದಂಟು ಮುಟ್ಟಿ ನೋಡಿ, ಪೂರ್ತಿ ಒಣಗಿರಬೇಕು, ಹಸಿ ಇದ್ರೆ ಒಳಗಿಂದ ಕೊಳೀತದೆ. ಒಣಗಿದ್ದು ಅಡುಗೆಮನೇಲಿ ಗಾಳಿ ಆಡೋ ಕಡೆ ನೇತು ಹಾಕಿದ್ರೆ ಮಳೆಗಾಲ ಕಳೀತದೆ, ನಮ್ಮಲ್ಲಿ ಅದಕ್ಕೇ ಜಡೆ ಮಾಡೋದು, ಶೋಕಿಗಲ್ಲ. ಜಡೆ ಕತ್ತರಿಸಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಡಿಕ್ಕಿಲಿ ಹಾಕೋ ಬೆಂಗಳೂರಿನವರನ್ನ ಕಂಡ್ರೆ ಹೊಟ್ಟೆ ಉರೀತದೆ, ಬೇಜಾರು ಮಾಡ್ಕೋಬೇಡಿ.

ಗೋಕರ್ಣಕ್ಕೆ ಹೋಗ್ತೀರಲ್ಲ, ರಥಬೀದೀಲಿ ತೂಗಾಡೋ ಬಟ್ಟೆ, ಬ್ಯಾಗು, ಮಣಿಸರ ಬಹುತೇಕ ಹೊರಗಿಂದ ಬಂದ ಮಾಲು, ಹಂಪೀಲೂ ಅದೇ, ಗೋವಾದಲ್ಲೂ ಅದೇ. ಚಂದ ಕಂಡ್ರೆ ತಗೊಳ್ಳಿ, ಆದ್ರೆ ಗೋಕರ್ಣದ್ದು ಅಂತ ತಗೋಬೇಡಿ. ಅದ್ರ ಬದ್ಲು ಬೆಳಿಗ್ಗೆ ಬೇಗ ಎದ್ದು ಹಾಲಕ್ಕಿ ಸಮುದಾಯದ ಹೆಂಗಸ್ರು ತರೋ ತರಕಾರಿ, ಸೊಪ್ಪು, ಹೂ ನೋಡಿ. ಅವ್ರ ಕೊರಳಿನ ಮಣಿಸರ ನೋಡಿ "ಇದು ಕೊಡ್ತೀರಾ, ಎಷ್ಟು?" ಅಂತ ಕೇಳೋರಿದ್ದಾರೆ, ದಯವಿಟ್ಟು ಹಾಗೆ ಕೇಳಬೇಡಿ, ಫೋಟೋನೂ ಕೇಳಿಯೇ ತೆಗೀರಿ.

ಗೋಕರ್ಣದ ಹತ್ರಾನೇ ಸಾಣಿಕಟ್ಟಾ. ಅಲ್ಲಿ ಉಪ್ಪಿನ ಆಗರ ಇದೆ, ಏಪ್ರಿಲ್‌ನಲ್ಲಿ ಕೆಲಸ ನಡೀತಿರ್ತದೆ, ರಾಶಿ ರಾಶಿ ಹರಳುಪ್ಪು. ಉಪ್ಪಿನಕಾಯಿ ಹಾಕೋರು ಆ ಉಪ್ಪೇ ಬೇಕು ಅಂತಾರೆ. ಆದ್ರೆ ಒಂದು ಮಾತು, ಹರಳುಪ್ಪಿಗೆ ಅಯೋಡಿನ್ ಸೇರಿಸಿರೋದಿಲ್ಲ ಸಾಮಾನ್ಯವಾಗಿ, ದಿನದ ಅಡುಗೆಗೆ ಅದೊಂದನ್ನೇ ಬಳಸೋದು ಬೇಡ. ಅಘನಾಶಿನಿ ಗಜನಿಯ (ಹೊಳೆ ಬದಿಯ ಉಪ್ಪುನೀರಿನ ಗದ್ದೆ) ಕಗ್ಗ ಅಕ್ಕಿ ಸಿಕ್ರೆ ಅದೃಷ್ಟ, ಉಪ್ಪುನೀರಲ್ಲಿ ನಿಂತು ಬೆಳೆಯೋ ಭತ್ತ ಅದು, ಬೆಳೆಯೋರು ಕಮ್ಮಿ ಆಗಿದ್ದಾರೆ, ಮಾಣಿಕಟ್ಟಾ ಬದಿ ವಿಚಾರಿಸಿ. ಕೆಂಪಕ್ಕಿ, ಗಂಜಿಗೆ ಭಾರಿ ಲಾಯ್ಕ.

ಅಂಕೋಲಾದಲ್ಲಿ ಕರಿ ಇಶಾಡು. ಮಾವು. 2023ರಲ್ಲಿ ಜಿಐ ಸಿಕ್ಕಿದೆ. ಏಪ್ರಿಲ್ ಕೊನೆಗೆ ಶುರು ಆಗಿರ್ತದೆ, ಮೇನಲ್ಲಿ ಜೋರು. ಸಿಪ್ಪೆ ತೆಳು, ಹಣ್ಣಾದ್ಮೇಲೆ ಹೆಚ್ಚು ದಿನ ತಡೆಯೋದಿಲ್ಲ, ಅದಕ್ಕೇ ದೂರದ ಊರಿಗೆ ಹೋಗದೇ ಉಳಿದಿದ್ದು. ಕಾರವಾರದಿಂದ ವಾಪಸ್ ಬರುವಾಗ ತಗೊಳ್ಳಿ, ಅರ್ಧ ಕಾಯಿ ಇದ್ದಂಗೇ ಹುಲ್ಲಲ್ಲಿ ಇಟ್ಟು ಕೊಡ್ರಿ ಅಂತ ಕೇಳಿ. ಬಿಳಿ ಇಶಾಡು ಅಂತ ಇನ್ನೊಂದಿದೆ, ರುಚೀಲಿ ಕರೀದಕ್ಕೆ ಸಮ ಬರೂದಿಲ್ಲ, ಮಾರುವವ ಎರಡನ್ನೂ ಒಂದೇ ಅಂದ್ರೆ ಅಲ್ಲೇ ಒಂದು ಹಣ್ಣು ಕೊಯ್ಸಿ ತಿಂದು ನೋಡಿ.

ಪಾತ್ರೆಹುಚ್ಚ:
ಅತ್ತೆಯೋರ ಪ್ರಶ್ನೆಗೆ ಬರ್ತೀನಿ. ನಾನು ಹಳೇ ಪಾತ್ರೆ ಕೂಡಿಡೋನು, ಸಿದ್ದಾಪುರದ ಕಡೆಯೋನು.

ಹಳ್ಳಿ ಮನೆಗೆ ಹೋಗಿ "ಅಟ್ಟದ ಮೇಲೆ ಏನಿದೆ" ಅಂತ ಕೇಳೋದು ಬಿಟ್ಬಿಡಿ. ಮೊದಲನೇದಾಗಿ ಗುರುತಿಲ್ಲದೋರಿಗೆ ಯಾರೂ ಕೊಡಲ್ಲ. ಎರಡನೇದು, ಕೊಡೋ ಪರಿಸ್ಥಿತೀಲಿ ಇರೋ ಮನೆ ಅಂದ್ರೆ ಅಲ್ಲಿ ಪಾಲು ಆಗ್ತಿರುತ್ತೆ ಅಥವಾ ಇಬ್ರು ವಯಸ್ಸಾದೋರು ಮಾತ್ರ ಉಳಿದಿರ್ತಾರೆ, ಅಂಥ ಕಡೆ ಏಜೆಂಟ್‌ಗಳು ಬಂದು ಕೆತ್ತನೆ ಕಂಬ, ಬಾಗಿಲು, ಹಂಡೆ ಎಲ್ಲ ಹರಕು ಮುರುಕು ರೇಟಿಗೆ ಎತ್ಕೊಂಡು ಹೋಗಿರೋದು ಸಾಕಷ್ಟಿದೆ, ನೀವೂ ಆ ಸಾಲಿಗೆ ಸೇರ್ಬೇಡಿ. ಸುಲಭದ ದಾರಿ ಪೇಟೆಯ ಪಾತ್ರೆ ಅಂಗಡಿಗಳು. ಹಳೇದು ಕೊಟ್ಟು ಹೊಸಾ ಸ್ಟೀಲು ತಗೊಂಡು ಹೋಗೋರು ಇವತ್ತಿಗೂ ಇದಾರೆ, ಆ ಹಳೇ ಕಂಚು ತಾಮ್ರ ಹಿತ್ತಾಳೆ ಅಂಗಡಿ ಹಿಂದೆ ಮೂಟೆ ಕಟ್ಟಿ ಕರಗ್ಸೋಕೆ ಹೋಗೋಕೆ ಕಾಯ್ತಿರುತ್ತೆ. "ಹಳೇದು ನೋಡ್ಬೋದಾ" ಅಂತ ಮರ್ಯಾದೆಯಾಗಿ ಕೇಳಿ, ತೂಕದ ಲೆಕ್ಕದಲ್ಲಿ ಕೊಡ್ತಾರೆ. ಅಂಗಡಿ ರಶ್ ಇಲ್ಲದ ಮಧ್ಯಾಹ್ನ ಹೋಗಿ.

ಹಳೇದು ಹೌದೋ ಅಲ್ವೋ ಅಂತ ನೋಡೋಕೆ: ಅಂಚಿನ ಕೆಳಗೆ ಚುಕ್ಕಿ ಚುಕ್ಕಿ ಕುಟ್ಟಿ ಹೆಸರು ಹಾಕಿರ್ತಾರೆ, ಯಜಮಾನರ ಹೆಸರಿನ ಮೊದಲಕ್ಷರ, ಕೆಲವು ಸಲ ಊರಿನ ಹೆಸರೂ ಇರುತ್ತೆ. ತಳ ಸವೆದಿರ್ಬೇಕು, ಹಿಡಿ ಇರೋ ಕಡೆ ಕೈ ತಾಗಿ ತಾಗಿ ನುಣುಪಾಗಿರ್ಬೇಕು. ಮೈಯೆಲ್ಲ ಒಂದೇ ಸಮ ಕಪ್ಪಾಗಿ, ಹೆಸರಿನ ಗೆರೆ ಮಾತ್ರ ಹೊಳೀತಿದ್ರೆ ಹೊಸ ಪಾತ್ರೆಗೆ ಆಸಿಡ್ ಹಚ್ಚಿರೋದು. ಕಂಚು ತಟ್ಟಿದ್ರೆ ಗಂಟೆ ಥರ ಉದ್ದಕ್ಕೆ ಗುಂಯ್ ಅನ್ನುತ್ತೆ, ಹಿತ್ತಾಳೆ ಬೇಗ ನಿಲ್ಲುತ್ತೆ, ಬಿರುಕಿದ್ರೆ ಕಂಚೂ ಡಬ್ ಅನ್ನುತ್ತೆ. ಅಡುಗೆಗೆ ಬಳಸೋದಾದ್ರೆ ತಾಮ್ರ ಹಿತ್ತಾಳೆಗೆ ಕಲಾಯಿ ಹಾಕಿಸ್ದೇ ಹುಳಿ ಪದಾರ್ಥ ಇಡ್ಬೇಡಿ. ಭರಣಿ ಆದ್ರೆ ಒಳಗೆ ನೀರು ತುಂಬಿ ಒಂದರ್ಧ ಗಂಟೆ ಬಿಟ್ಟು ತಳ ಮುಟ್ಟಿ ನೋಡಿ, ಕೂದಲೆಳೆ ಬಿರುಕು ಕಣ್ಣಿಗೆ ಕಾಣಲ್ಲ. ಮರಿಗೆ, ಕೊಳಗ, ಸಿದ್ದೆ, ಚನ್ನೆಮಣೆ ಇಂಥ ಮರದ ಸಾಮಾನಲ್ಲಿ ಹುಳದ ತೂತಿಂದ ಹೊಸಾ ಪುಡಿ ಉದುರ್ತಿದ್ರೆ ಬೇಡ, ಮನೇಲಿರೋ ಬಾಕಿ ಮರಕ್ಕೂ ಹತ್ತುತ್ತೆ.

ಇನ್ನು ಕಾನೂನು. 1972ರ ಪುರಾವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ವಿಗ್ರಹ, ಕೆತ್ತನೆ ಇತ್ಯಾದಿ ಪುರಾವಸ್ತು ಆಗುತ್ತೆ, ತಾಳೆಗರಿ ಥರದ ಹಸ್ತಪ್ರತಿ 75 ವರ್ಷಕ್ಕೇ ಆಗಬಹುದು. ಮಾರೋ ವ್ಯಾಪಾರಿಗೆ ಲೈಸೆನ್ಸ್ ಬೇಕು, ಖಾಸಗಿಯವರು ದೇಶದಿಂದ ಹೊರಗೆ ಕಳ್ಸಂಗೇ ಇಲ್ಲ. ಅಮೆರಿಕಾದಲ್ಲಿರೋ ಮಗಳಿಗೆ ಗಿಫ್ಟ್ ಅಂತ ಪ್ಲಾನ್ ಇದ್ರೆ ನೆನಪಿರ್ಲಿ. ದೇವರ ವಿಗ್ರಹ, ದೇವಸ್ಥಾನದ ಗಂಟೆ ದೀಪ ಅಂತ ಯಾರಾದ್ರೂ ಗುಟ್ಟಾಗಿ ತೋರ್ಸಿದ್ರೆ ಅಲ್ಲಿಂದ ಎದ್ದು ಬನ್ನಿ, ಅದು ಎಲ್ಲಿಂದ ಬಂತೋ. ಆನೆದಂತದ ಹಳೇ ಕೆತ್ತನೆ ಅಂದ್ರೂ ಅಷ್ಟೇ, ಕೊಳ್ಳೋದೂ ಅಪರಾಧ.

ದಾರಿಹೋಕಿ:
ಅಯ್ಯೋ ಎಷ್ಟೊಂದು ವಿಷ್ಯ! ಅತ್ತೆಗೆ ಓದಿ ಹೇಳ್ದೆ, ಚುಕ್ಕಿ ಹೆಸರಿನ ಮಾತಿಗೆ ಅವ್ರು ಅಡುಗೆಮನೆಗೆ ಹೋಗಿ ಅವ್ರಮ್ಮನ ತಂಬಿಗೆ ತಂದು ತೋರ್ಸಿದ್ರು, ಇತ್ತು. ಮರ ಕೆತ್ತೋ ಗುಡಿಗಾರರ ಗಂಧದ ಕೆಲಸದ ಬಗ್ಗೆ ಯಾರೂ ಹೇಳ್ಲಿಲ್ವಲ್ಲ? ಮತ್ತೆ ಕಾರವಾರದಲ್ಲಿ ಏನು?

ಘಟ್ಟದಮೇಲಿನ_ಮಾಣಿ:
ಗುಡಿಗಾರರು ಶಿರಸಿ, ಸಿದ್ದಾಪುರ, ಬನವಾಸಿ, ಕುಮಟಾ, ಹೊನ್ನಾವರ ಎಲ್ಲ ಕಡೆ ಇದ್ದ, ಆಚೆ ಸಾಗರ ಸೊರಬದಲ್ಲೂ. ಆದ್ರೆ ಗಂಧ ಈಗ ಭಾರಿ ದುಬಾರಿ, ಸಾಕಷ್ಟು ಕೆಲಸ ಶಿವನಿ ಥರದ ಮರದಲ್ಲಿ ನಡೀತು. ಅದರಲ್ಲಿ ತಪ್ಪಿಲ್ಲೆ, ಕೈಕೆಲಸ ಅದೇ. ಬೇರೆ ಮರಕ್ಕೆ ಗಂಧದೆಣ್ಣೆ ಹಚ್ಚಿ ಗಂಧದ ರೇಟು ಹೇಳೋದು ಮಾತ್ರ ಮೋಸ. ಬಿಲ್ಲಲ್ಲಿ ಮರದ ಹೆಸರು ಬರೆಸ್ಕೊಳ್ಳಿ, ಬರೆಯೋಕೆ ಹಿಂದೆಮುಂದೆ ನೋಡಿದ್ರೆ ಬೇಡ. ಗಂಧವೇ ಆಗವು ಅಂದ್ರೆ ಸರ್ಕಾರದ ಕಾವೇರಿ ಎಂಪೋರಿಯಂ ಬೆಂಗಳೂರಲ್ಲೇ ಇದ್ದಲ್ಲ.

ನನ್ನ ಕೇಳಿದ್ರೆ ಬೆಂಡಿನ ಬಾಸಿಂಗ ತಗೊಳ್ಳಿ. ಕೆರೆಲಿ ಬೆಳೆಯೋ ಗಿಡದ ಬೆಳ್ಳಗಿನ ತಿರುಳಲ್ಲಿ ಗುಡಿಗಾರರು ಮಾಡೋದು, ಮದುವೆ ಸೀಸನ್ ಆದ್ದರಿಂದ ಏಪ್ರಿಲ್‌ನಲ್ಲಿ ಕೆಲಸ ನಡೀತಿರ್ತು. ಗಾಜಿನ ಫ್ರೇಮ್ ಹಾಕ್ಸಿ ಗೋಡೆಗೆ ತೂಗು ಹಾಕಿದ್ರೆ ಬಂದೋರೆಲ್ಲ ಕೇಳ್ತ.

ಯಲ್ಲಾಪುರ ರೂಟಲ್ಲಿ ವಾಪಸ್ ಬರೋದಾದ್ರೆ ಸಿದ್ದಿ ಸಮುದಾಯದ ಹೆಂಗಸರು ಹೊಲಿಯೋ ಕೌದಿ ವಿಚಾರಿಸಿ. ಹಳೇ ಸೀರೆ ಬಟ್ಟೆ ತುಂಡು ಅಂಚಿಂದ ಶುರು ಮಾಡಿ ಸುತ್ತಿ ಸುತ್ತಿ ನಡುವಿನ ತನಕ ಕೈಹೊಲಿಗೆ, ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಹೂವು. ವಾರಗಟ್ಟಲೆ ಕೆಲಸ ಅದು. ಅದಕ್ಕೆ ಮಾತ್ರ ಚೌಕಾಸಿ ಮಾಡ್ಬೇಡಿ.

ಕಾಳಿ_ಸೇತುವೆ:
ಕಾರವಾರ ನಂದು. ಭಾನುವಾರ ಬರೋ ಹಾಗೆ ಪ್ಲಾನ್ ಮಾಡಿ, ಭಾನುವಾರದ ಸಂತೆ ಅಂದ್ರೆ ಇಡೀ ಪೇಟೆನೇ ಸಂತೆ, ಗೋವಾದಿಂದ್ಲೂ ಜನ ಬರ್ತಾರೆ. ತರಕಾರಿ, ಬುಟ್ಟಿ, ಮೊರ, ಮಣ್ಣಿನ ಮಡಕೆ, ಒಣಮೀನು ಎಲ್ಲ. ಬಿರಿಂಡೆ ಸೋಲ (ಒಣಗಿಸಿದ ಸಿಪ್ಪೆ) ಅಲ್ಲೇ ತಗೊಳ್ಳಿ, ಘಟ್ಟದ ಮೇಲಿನವರು ಮುರುಗಲು ಅನ್ನೋದು ಇದೇ. ಹೊಸದು ಮೇ ಮೇಲೆ ಬರೋದು, ನಿಮಗೆ ಸಿಗೋದು ಬಹುಶಃ ಕಳೆದ ವರ್ಷದ್ದು, ಕಪ್ಪಾಗಿದ್ರೂ ಚಿಂತೆ ಇಲ್ಲ, ಮೆತ್ತಗಿರ್ಬೇಕು, ಬೂಷ್ಟು ಇರಬಾರ್ದು. ಬುಟ್ಟಿ ಮೊರ ಹೆಣೆದ ಬಿದಿರು ಹಸಿ ಇದ್ರೆ ಬಿಸಿಲಿಗೆ ಒಣಗಿಸಿ ಆಮೇಲೆ ಬಳಸಿ.

ಮೀನು ತಿನ್ನೋರಾ? ಜೂನ್ ಜುಲೈ ಬೋಟು ಬಂದ್, ಅದಕ್ಕೆ ಏಪ್ರಿಲ್ ಮೇನಲ್ಲಿ ಒಣಗಿಸೋ ಕೆಲಸ ಭರ್ಜರಿ. ಒಣ ಶೆಟ್ಲಿ (ಸಿಗಡಿ), ಬಂಗಡೆ ಒಳ್ಳೇದು ಸಿಗ್ತದೆ. ಕೈಯಲ್ಲಿ ಹಿಡಿದ್ರೆ ಗಟ್ಟಿ ಇರ್ಬೇಕು, ಮೆತ್ತಗಿದ್ರೆ ಪೂರ್ತಿ ಒಣಗಿಲ್ಲ. ಪೇಪರ್ ಸುತ್ತಿ, ಪ್ಲಾಸ್ಟಿಕ್ ಸುತ್ತಿ, ಮತ್ತೆ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿ, ಇಲ್ದಿದ್ರೆ ಮೇಲಿನವರು ಹೇಳಿದ ತೊಡದೇವಿಗೂ ಶೆಟ್ಲಿ ವಾಸನೆ ಗ್ಯಾರಂಟಿ 😄 ಬೀಚಲ್ಲಿ ದೊಡ್ಡ ಶಂಖ, ಕಪ್ಪೆಚಿಪ್ಪು ಮಾರೋರ ಹತ್ರ ತಗೋಬೇಡಿ, ಕೆಲವು ಜಾತಿ ವನ್ಯಜೀವಿ ಕಾಯ್ದೆ ಒಳಗೆ ಬರ್ತವೆ, ಯಾವುದು ಅಂತ ಮಾರುವವಗೂ ಗೊತ್ತಿರೋದಿಲ್ಲ. ಗೋಡಂಬಿ ತಗೊಳ್ಳಿ, ಸಿಪ್ಪೆ ಇರೋದೇ ಒಳ್ಳೇದು.

ಹಾಂ, ಕಾರವಾರ ತನಕ ಬಂದವರು ಗಡಿ ದಾಟಿ ಗೋವಾದ ಪೋಳೆಂ ಕಡೆ ಹೋಗಿ ಬರೋಣ ಅಂತಾರೆ. ಹೋಗಿ, ಆದ್ರೆ ಬಾಟ್ಲಿ ಹಾಕ್ಕೊಂಡು ಬರ್ಬೇಡಿ, ಮಾಜಾಳಿ ಚೆಕ್‌ಪೋಸ್ಟಲ್ಲಿ ಡಿಕ್ಕಿ ತೆಗೆಸ್ತಾರೆ.

ದಾರಿಹೋಕಿ:
ಬಾಟ್ಲಿ ವಿಷ್ಯ ನಮ್ಮನೆಯೋರಿಗೆ ಓದಿಸ್ತೀನಿ. ಹಂಗಾದ್ರೆ ಶುಕ್ರವಾರ ಶಿರಸಿ, ಶನಿವಾರ ಕುಮಟಾ ಗೋಕರ್ಣ, ಭಾನುವಾರ ಕಾರವಾರ, ಸೋಮವಾರ ವಾಪಸ್ ಬರ್ತಾ ಅಂಕೋಲಾದಲ್ಲಿ ಇಶಾಡು, ಆಮೇಲೆ ಯಲ್ಲಾಪುರ ಮೇಲೆ. ಈರುಳ್ಳಿ ಜಡೆ ಎರಡು ದಿನ ಕಾರಲ್ಲೇ ಇದ್ರೆ ಏನಾದ್ರೂ ಆಗುತ್ತಾ?

ಅಘನಾಶಿನಿ_ದಡ:
ಎಂತದೂ ಆಗೂದಿಲ್ಲ, ಹಿಂದಿನ ಸೀಟಿನ ಮೇಲೆ ಬಟ್ಟೆ ತೂಗು ಹಾಕೋ ಕೊಕ್ಕೆ ಇರ್ತದಲ್ಲ, ಅದಕ್ಕೆ ಹಾಕಿ, ಗ್ಲಾಸು ಸ್ವಲ್ಪ ಇಳಿಸಿಡಿ. ಭಾರದ ಜಡೆ ಆದ್ರೆ ಎರಡು ಕೊಕ್ಕೆಗೆ ಹಂಚಿ. ಅತ್ತೆಯವರನ್ನ ಮಾತ್ರ ಮುಂದೆ ಕೂರಿಸಿ.